ಎಲ್ಲೂ ನಿಲ್ಲದ ಗಾಡಿ, ದಿನ್ನೆಯಲ್ಲಿ ನಿಲ್ಲುವ ಗಾಡಿ

ಆಗ ನನಗೆ ಅರವತ್ತಾರು. ಎರಡು ವರ್ಷದ ಹಿಂದಿನ ಮಾತು. ನಮ್ಮೂರ ಚಹಾದಂಗಡಿಯ ಮುಂದೆ, ಗಂಡಸರ ನಡುವೆ ನಿಂತು ನಾನು ಒಂದು ಶಬ್ದ ಆಡಿದೆ. ಅದನ್ನು ಕೇಳಿ ಅಂಗಡಿಯವನು ಸ್ಟೋವ್ ಆರಿಸಿಬಿಟ್ಟ. ಯಾಕೆ ಆರಿಸಿದೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ.

ಶಬ್ದ ಯಾವುದು ಎಂದು ಆಮೇಲೆ ಹೇಳುತ್ತೇನೆ. ಮೊದಲು ಗಾಡಿಗಳ ವಿಷಯ.

ನಮ್ಮೂರು ತಾವರಗೇರಾದ ಹತ್ತಿರ. ಊರಲ್ಲಿ ಎರಡು ಹಳೆಯ ಪಿಕಪ್ ಗಾಡಿಗಳಿವೆ. ಒಂದಕ್ಕೆ ಮುಂದೆ ಉದ್ದ ಮೂಗಿದೆ. ಅದು ಶರಣಪ್ಪನದು. ಇನ್ನೊಂದಕ್ಕೆ ಮೂಗಿಲ್ಲ, ಮುಖವೇ ಚಪ್ಪಟೆ. ಅದು ಮೌಲಾಸಾಬನದು. ಇಬ್ಬರೂ ತಮ್ಮ ಗಾಡಿಗೆ ತಾವೇ ಮಾಲೀಕರು, ತಾವೇ ಡ್ರೈವರು. ಎರಡೂ ಗಾಡಿಗಳು ನನ್ನ ಸೊಸೆಗಿಂತ ಮೊದಲೇ ಈ ಊರಿಗೆ ಬಂದವು. ಬೇರೆ ಬೇರೆ ಕಂಪನಿಯವು. ಕಂಪನಿಗಳ ಹೆಸರು ನಾನು ಬರೆಯುವುದಿಲ್ಲ. ಅವರು ನನಗೆ ಏನೂ ಕೊಟ್ಟಿಲ್ಲ. ಮೂಗಿನ ಗಾಡಿ, ಚಪ್ಪಟೆ ಗಾಡಿ. ಅಷ್ಟು ಸಾಕು.

(ಸ್ಟೇರಿಂಗ್ ಮುಟ್ಟದ ಮುದುಕಿ ಗಾಡಿಯ ಬಗ್ಗೆ ಏನು ಬರೆಯುತ್ತಾಳೆ ಎನ್ನಬೇಡಿ. ನಾನು ಹಿಂದೆ ತಗಡಿನ ಮೇಲೆ ಕುಳಿತು ಮೂಳೆ ಸವೆಸಿದವಳು. ಓಡಿಸುವವರಿಗೆ ಮೆತ್ತನೆಯ ಸೀಟಿದೆ. ಅವರಿಗೆ ಏನು ತಿಳಿಯುತ್ತದೆ?)

ಯಾವ ಗಾಡಿ ಹೆಚ್ಚು ಎಂಬ ಚರ್ಚೆ ಚಹಾದಂಗಡಿಯಲ್ಲಿ ದಿನಾಲೂ ನಡೆಯುತ್ತದೆ. ಎಲೆಕ್ಷನ್ ಬಂದಾಗ ನಾಲ್ಕು ದಿನ ನಿಲ್ಲುತ್ತದೆ, ಮುಗಿದ ಮೇಲೆ ಮತ್ತೆ ಶುರು. ಗಂಡಸರ ಲೆಕ್ಕದಲ್ಲಿ ಮೂಗಿನ ಗಾಡಿಯೇ ಗಾಡಿ. ಅದು ಕುಷ್ಟಗಿಯ ಕಲ್ಲು ಹೇರಿಕೊಂಡು ಬಂದಿದೆ. ಹಳ್ಳ ಬಂದಾಗ ನೀರಲ್ಲಿ ಇಳಿದು ಆಚೆ ದಡ ಸೇರಿದೆ. ಎಲ್ಲಕ್ಕಿಂತ ಮುಖ್ಯವಾದ ಮಾತು, ಅದು ದಾರಿಯಲ್ಲಿ ಎಂದೂ ನಿಂತಿಲ್ಲ. ಶರಣಪ್ಪ ಈ ಮಾತನ್ನು ಹೇಳುವಾಗ ಎದ್ದು ನಿಲ್ಲುತ್ತಾನೆ. ಕೂತು ಹೇಳಿದರೆ ಗಾಡಿಗೆ ಅವಮಾನ.

ಚಪ್ಪಟೆ ಗಾಡಿಯ ಹೆಸರು ಕೆಟ್ಟಿತ್ತು. ಅದಕ್ಕೆ ಕುದಿಯುವ ಚಟ. ಎಲ್ಲೆಂದರಲ್ಲಿ ಅಲ್ಲ. ಕನಕಗಿರಿ ದಾಟಿ ಗಂಗಾವತಿ ಕಡೆ ಹೋಗುವಾಗ ಒಂದು ದಿನ್ನೆ ಬರುತ್ತದೆ. ಏರು ಸಣ್ಣದೇ, ಆದರೆ ಉದ್ದ. ಹೆಂಗಸರನ್ನು ತುಂಬಿಕೊಂಡು ಆ ಏರು ಹತ್ತಿ ಮುಗಿಸುವ ಹೊತ್ತಿಗೆ ಚಪ್ಪಟೆ ಗಾಡಿಯ ಮೂತಿಯಿಂದ ಹಬೆ ಏಳುತ್ತಿತ್ತು. ಹೋಗುವಾಗಲೂ ಅಲ್ಲೇ, ಬರುವಾಗಲೂ ಅಲ್ಲೇ. ಎಷ್ಟು ವರ್ಷ? ನನ್ನ ಕೂದಲು ಕಪ್ಪಿದ್ದಾಗಿನಿಂದ.

ಇನ್ನು ನಮ್ಮ ಕೆಲಸ. ನಮ್ಮ ಕಡೆ ಮಳೆಯ ಹೊಲ, ಗಂಗಾವತಿ ಕಡೆ ಕಾಲುವೆಯ ಗದ್ದೆ. ಅಲ್ಲಿ ಭತ್ತ ನಾಟಿ ಶುರುವಾದರೆ ಇಲ್ಲಿಂದ ಹೆಂಗಸರ ಗುಂಪುಗಳು ಹೋಗುತ್ತವೆ. ಮೇಲಿನ ಓಣಿಯ ಗುಂಪಿಗೆ ನಾನೇ ಮುಂದಾಳು. ಯಾರು ಬರಬೇಕು, ಯಾವ ಧಣಿಯ ಗದ್ದೆಗೆ ಹೋಗಬೇಕು, ಯಾವ ಗಾಡಿ ಹತ್ತಬೇಕು, ಎಲ್ಲ ನನ್ನ ಮಾತು. ನಸುಕಿನಲ್ಲಿ ಹೊರಟು ಹೊತ್ತು ಏರುವುದರೊಳಗೆ ಗದ್ದೆಯಲ್ಲಿರಬೇಕು. (ಸರಕಿನ ಗಾಡಿಯಲ್ಲಿ ಜನರನ್ನು ಹೇರಬಾರದು ಎಂದು ನನಗೂ ಗೊತ್ತು. ಆ ಹೊತ್ತಿಗೆ ಬಸ್ಸಿಲ್ಲ ಎಂದು ಸರ್ಕಾರಕ್ಕೂ ಗೊತ್ತು.)

ನಾನು ಪ್ರತಿ ವರ್ಷ ಚಪ್ಪಟೆ ಗಾಡಿಯನ್ನೇ ಆರಿಸುತ್ತಿದ್ದೆ.

ಗಂಡಸರಿಗೆ ಇದು ಜೋಕು. ಶರಣಪ್ಪ ನನ್ನ ದೂರದ ಸಂಬಂಧಿ. ದೊಡ್ಡವ್ವ ಎನ್ನುತ್ತಾನೆ. "ದೊಡ್ಡವ್ವ, ಮನಿ ಗಾಡಿ ಬಿಟ್ಟು ಆ ಚಹಾದ ಕಿಟ್ಲಿ ಯಾಕ ಹತ್ತತಿ? ಕುದಿಯೂದು ನೋಡಾಕೇನು?" ಎಂದು ಕೇಳುತ್ತಿದ್ದ. ಮುದುಕಿಗೆ ಗಾಡಿ ತಿಳಿಯುವುದಿಲ್ಲ ಎಂದು ಅಂಗಡಿ ತುಂಬ ನಗು. ನಾನು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಕಾರಣ ಹೇಳುವಂಥದ್ದಲ್ಲ.

ಕಾರಣ ಇದು. ಆ ದಿನ್ನೆಯ ಎರಡೂ ಕಡೆ ದಟ್ಟವಾದ ಬಳ್ಳಾರಿ ಜಾಲಿ ಇದೆ. ಗಾಡಿ ಕುದಿಯುತ್ತಿತ್ತು, ಮೌಲಾಸಾಬ ಇಳಿಯುತ್ತಿದ್ದ, ಕ್ಯಾನಿನ ನೀರು ಹಿಡಿದು ಗಾಡಿಯ ಮುಂದೆ ನಿಂತು ಅದು ಆರುವ ತನಕ ಬೀಡಿ ಸೇದುತ್ತಿದ್ದ. ಅಷ್ಟರಲ್ಲಿ ನಾವೆಲ್ಲ ಜಾಲಿಯ ಹಿಂದೆ ಹೋಗಿ ಬಂದಿರುತ್ತಿದ್ದೆವು.

ಆ ದಿನ್ನೆ ಬಿಟ್ಟರೆ ಬೇರೆ ಜಾಗವಿಲ್ಲ. ಮುಂದೆ ಕಾಲುವೆಯ ಸೀಮೆ. ಅಂಗೈ ಹಾಗೆ ಸಪಾಟು. ಎಲ್ಲಿ ನೋಡಿದರೂ ನೀರು, ಎಲ್ಲಿ ಕುಳಿತರೂ ಬಯಲು. ಬದುವಿನ ಮೇಲೆ ಧಣಿ, ಧಣಿಯ ತಮ್ಮ, ಪಂಪಿನವನು. ಧಣಿಯ ಮನೆಯಲ್ಲಿ ಟೈಲ್ಸ್ ಹಾಕಿದ ಬಾತ್‌ರೂಮ್ ಇದೆ. ಅದು ನಮಗಲ್ಲ.

ಬಾಯಿಬಿಟ್ಟು ನಿಲ್ಲಿಸು ಎನ್ನಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ? ಡ್ರೈವರ್ ನಮ್ಮೂರಿನವನು. ಹಿಂದೆ ಕುಳಿತವರಲ್ಲಿ ಹೊಸದಾಗಿ ಬಂದ ಸೊಸೆಯಂದಿರಿದ್ದಾರೆ. ಯಾರಿಗಾಗಿ ನಿಲ್ಲಿಸಿದ ಎಂಬುದು ಸಂಜೆಗೆ ಚಹಾದ ಜೊತೆ ಹಂಚಿಕೆಯಾಗುತ್ತದೆ. ಅದಕ್ಕೆ ಯಾರೂ ಕೇಳಲಿಲ್ಲ. ಕೇಳುವ ಪ್ರಸಂಗವೂ ಬರಲಿಲ್ಲ. ನಮ್ಮ ಪರವಾಗಿ ಗಾಡಿಯೇ ಕೇಳುತ್ತಿತ್ತು.

ಮೌಲಾಸಾಬ ಮಾತ್ರ ಪ್ರತಿ ಸಲವೂ ನಾಚಿಕೊಳ್ಳುತ್ತಿದ್ದ. "ಮಾಫ್ ಮಾಡ್ರೆವ್ವಾ, ಈ ಹಾಳ ಗಾಡಿ ನಿಮಗ ಭಾಳ ತ್ರಾಸ ಕೊಡತೈತಿ" ಎನ್ನುತ್ತಿದ್ದ.

"ಇರ್ಲಿ ಬಿಡಪಾ, ಮಿಷನ್ ಅಂದಮ್ಯಾಲೆ ಕೆಡತೈತಿ" ಎಂದು ನಾವೆಲ್ಲ ಸಮಾಧಾನ ಹೇಳುತ್ತಿದ್ದೆವು. ಮೇಲಿನ ಓಣಿಯ ಹೆಂಗಸರಷ್ಟು ತಾಳ್ಮೆ ಇರುವವರನ್ನು ತಾನು ಎಲ್ಲೂ ನೋಡಿಲ್ಲ ಎಂದು ಅವನು ತಾವರಗೇರಾದ ಸಂತೆಯಲ್ಲೂ ಹೇಳಿದ್ದಾನೆ. ಕೆಳಗಿನ ಓಣಿಯ ಹೆಂಗಸರು ಮೂಗಿನ ಗಾಡಿಯಲ್ಲಿ ಹೋಗುತ್ತಿದ್ದರು. ದಾರಿಯಲ್ಲಿ ಎಂದೂ ನಿಲ್ಲದ ಗಾಡಿ. ಇಳಿದ ಮೇಲೆ ಅವರ ಮುಖ ನೋಡಬೇಕಿತ್ತು ನೀವು.

ಗಾಡಿಗೆ ಹೆಸರು ಕೊಡುವವರು ಯಾರು? ಅದನ್ನು ಸ್ವಲ್ಪ ಯೋಚಿಸಿ. ಎಳೆಯುತ್ತದೋ ಇಲ್ಲವೋ ಎಂದು ಗಂಡಸರು ನೋಡುತ್ತಾರೆ. ನಾವು ನೋಡುವುದು ಹಿಂದಿನ ಬಾಗಿಲು ಎಷ್ಟು ಎತ್ತರ, ಸೀರೆ ಎತ್ತದೆ ಹತ್ತಬಹುದೋ, ತಿರುವಿನಲ್ಲಿ ಹಿಡಿಯಲು ಸರಳು ಇದೆಯೋ. ನಮ್ಮನ್ನು ಯಾರೂ ಕೇಳಲಿಲ್ಲ. ಒಬ್ಬ ಗಂಡಸು ಹೇಗೆ ಎಂದು ಕಟ್ಟೆಯಲ್ಲಿ ಕೇಳಿದರೆ ಒಂದು ಉತ್ತರ, ಅವನ ಅಡುಗೆಮನೆಯಲ್ಲಿ ಕೇಳಿದರೆ ಇನ್ನೊಂದು. ಹೆಣ್ಣು ಕೊಡುವವರು ಕಟ್ಟೆಯಲ್ಲಿ ಕೇಳಿ ಹೋಗುತ್ತಾರೆ. ದೊಡ್ಡ ಬಸ್ಸುಗಳಿಗೂ ನಾನ್‌ಸ್ಟಾಪ್ ಎಂದು ಬೋರ್ಡು ಹಾಕಿ ಹೆಚ್ಚಿನ ಟಿಕೆಟ್ ಇಸಿದುಕೊಳ್ಳುತ್ತಾರೆ. ನಿಲ್ಲದಿರುವುದು ಅಷ್ಟು ದೊಡ್ಡ ಗುಣವೇ?

ಇರಲಿ. ದ್ಯಾಮವ್ವನ ಮಾತಿಗೆ ಬರುತ್ತೇನೆ.

ದ್ಯಾಮವ್ವ ನನ್ನ ವಾರಿಗೆಯವಳು. ಬಗ್ಗಿ ಸಸಿ ಹಚ್ಚಲು ನಿಂತರೆ ಹರೆಯದ ಹುಡುಗಿಯರು ಹಿಂದೆ ಬೀಳುತ್ತಾರೆ. ಗಂಡನಿಲ್ಲ, ಮಕ್ಕಳಿಲ್ಲ, ಅಣ್ಣನ ಮಗನ ಮನೆಯಲ್ಲಿದ್ದಾಳೆ. ದುಡಿಯುವ ತನಕ ಆ ಮನೆಯಲ್ಲಿ ಅವಳ ತಾಟಿಗೆ ರೊಟ್ಟಿ ಬಿಸಿ ಬೀಳುತ್ತದೆ. ದುಡಿಮೆ ನಿಂತರೆ ಏನು ಬೀಳುತ್ತದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳಿಗೆ ಶುಗರ್ ಇದೆ. ನೀರು ಚೆನ್ನಾಗಿ ಕುಡಿ ಎಂದು ಡಾಕ್ಟರ್ ಹೇಳಿದ್ದಾರೆ. ಕುಡಿದದ್ದನ್ನು ಎಲ್ಲಿ ಬಿಡಬೇಕು ಎಂದು ಹೇಳಲಿಲ್ಲ. ಶುಗರ್ ಇದ್ದವರಿಗೆ ತಡೆಯಲು ಆಗುವುದಿಲ್ಲ. ಆ ದಿನ್ನೆ ಉಳಿದವರಿಗೆ ಅನುಕೂಲವಾಗಿತ್ತು. ದ್ಯಾಮವ್ವನ ದುಡಿಮೆಯೇ ಅದರ ಮೇಲೆ ನಿಂತಿತ್ತು. ಗಾಡಿ ಅಲ್ಲಿ ನಿಲ್ಲುತ್ತದೆ ಎಂದೇ ಅವಳು ಗುಂಪಿನಲ್ಲಿದ್ದಳು.

ಹೀಗಿರುವಾಗ, ಆ ವರ್ಷದ ನಾಟಿ ಶುರುವಾಗಿ ಒಂದು ವಾರಕ್ಕೆ ಮೌಲಾಸಾಬನಿಗೆ ರೋಷ ಬಂತು.

ಇಷ್ಟು ವರ್ಷ ನಕ್ಕದ್ದು ಸಾಕು ಎಂದು ಕೊಪ್ಪಳಕ್ಕೆ ಹೋದ. ಗಾಡಿಗೆ ಹೊಸ ರೇಡಿಯೇಟರ್ ಹಾಕಿಸಿದ. ಹಳೆಯದನ್ನು ಅಲ್ಲೇ ಗುಜರಿಗೆ ಎಸೆದ. ಗಾಡಿಯ ಹಣೆಗೆ ಹೂವಿನ ಹಾರ ಹಾಕಿಕೊಂಡು ಊರೊಳಗೆ ಹಾರ್ನ್ ಹೊಡೆಯುತ್ತ ಬಂದ. ಎಲ್ಲರಿಗೂ ಚಹಾ ಕುಡಿಸಿದ.

"ಯವ್ವಾ, ಇನ್ನ ಮುಂದ ನಿಮಗ ತ್ರಾಸಿಲ್ಲ ನೋಡ್ರಿ. ಹತ್ತಿದ್ರ ಗದ್ದ್ಯಾಗ ಇಳಿಯೂದು!" ಎಂದ.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಛಲೋ ಆಯಿತು ಎಂದೆವು. ಬೇರೆ ಏನು ಅನ್ನುವುದು?

ಮರುದಿನ ದಿನ್ನೆ ಬಂತು, ಹೋಯಿತು. ಜಾಲಿ ಗಿಡಗಳು ಹಿಂದಕ್ಕೆ ಓಡಿದವು. ಹರೆಯದವರು ಹಲ್ಲು ಕಚ್ಚಿ ಕುಳಿತರು. ದ್ಯಾಮವ್ವ ಕಣ್ಣು ಮುಚ್ಚಿಕೊಂಡು ಯಾವ ಯಾವ ದೇವರನ್ನೋ ನೆನೆದಳು. ಗದ್ದೆ ಮುಟ್ಟಿದ ಮೇಲೆ ಕೆಸರು ನೀರೊಳಗೆ ಸೊಂಟದವರೆಗೆ ಕುಳಿತು, ಜಾರಿ ಬಿದ್ದೆ ಎಂದು ಸುಳ್ಳು ಹೇಳಿದಳು. ದಿನಾ ಯಾರು ಜಾರಿ ಬೀಳುತ್ತಾರೆ?

ಮೂರನೆಯ ದಿನದಿಂದ ಅವಳು ನೀರು ಬಿಟ್ಟಳು. ಹಿಂದಿನ ಸಂಜೆಯಿಂದಲೇ ತಂಬಿಗೆ ಮುಟ್ಟುತ್ತಿರಲಿಲ್ಲ. ತುಟಿ ಒಡೆದವು. ರೊಟ್ಟಿ ಗಂಟಲಲ್ಲಿ ನಿಲ್ಲುತ್ತಿತ್ತು. "ಏನಾಗೇತಿ ನಿನಗ?" ಎಂದರೆ, "ಏನಿಲ್ಲ, ಸೆಕಿ" ಎನ್ನುತ್ತಿದ್ದಳು. ಅತ್ತ ಮೌಲಾಸಾಬ ಶಿಳ್ಳೆ ಹೊಡೆಯುತ್ತ ಗಾಡಿ ಓಡಿಸುತ್ತಿದ್ದ.

ವಾರ ತುಂಬುವ ಹೊತ್ತಿಗೆ ದ್ಯಾಮವ್ವ ಗದ್ದೆಯಲ್ಲಿ ಬಿದ್ದಳು. ಈ ಸಲ ಸುಳ್ಳಲ್ಲ. ಸಸಿಯ ಕಟ್ಟು ಕೈಯಲ್ಲಿ ಹಿಡಿದೇ ಮುಖ ಅಡಿಯಾಗಿ ಬಿದ್ದಳು. ಎತ್ತಿ ಬದುವಿಗೆ ಹಾಕಿ ನೀರು ಕುಡಿಸಿದೆವು. ಕಣ್ಣು ಬಿಟ್ಟು ಮೊದಲು ಅಂದದ್ದು, "ಸಾಕು, ಸಾಕು, ಹೊಳ್ಳಿ ಹೋಗುವಾಗ ಗಾಡಿ ನಿಲ್ಲಂಗಿಲ್ಲ."

ಗದ್ದೆಯ ಧಣಿ ಓಡಿ ಬಂದ. ಕೆಟ್ಟವನಲ್ಲ. ಹೆದರಿದ್ದ. "ಏನಮ್ಮಾ, ಈ ಮುದುಕಿ ನನ್ನ ಗದ್ದ್ಯಾಗ ಸತ್ರ ನಾನೇನು ಮಾಡ್ಲಿ? ನಾಳೆಯಿಂದ ಈಕಿ ಬ್ಯಾಡ" ಎಂದ.

"ಆಕಿ ಸಾಯಂಗಿಲ್ಲ ಧಣಿ. ಬೆಳಗಿಂದ ನೀರು ಕುಡದಿಲ್ಲ ಅಷ್ಟ" ಎಂದೆ.

"ಇಷ್ಟು ನೀರಿನ ನಡುವ ನಿಂತು ನೀರು ಕುಡದಿಲ್ಲಂದ್ರ ಹುಚ್ಚೇನಮ್ಮಾ?"

"ನಾಳೆ ಒಂದಿನ ನೋಡ್ರಿ."

ಅವನು ಯೋಚಿಸಿದ. "ಒಂದಿನ. ನಾಳೆ ಮತ್ತ ಬಿದ್ರ ಈಕಿ ಒಬ್ಬಾಕಿ ಅಲ್ಲ, ನಿನ್ನ ಗುಂಪ ಬ್ಯಾಡ ನನಗ."

ಮರಳುವಾಗ ದಿನ್ನೆಯಲ್ಲಿ ನಾನು ಕ್ಯಾಬಿನ್ನಿನ ತಗಡು ಬಡಿದೆ. ಎರಡೂ ಕೈಯಿಂದ ಬಡಿದೆ. ಹೊಸ ರೇಡಿಯೇಟರಿಗೆ ಹೆಂಗಸರು ಖುಷಿಯಾಗಿದ್ದಾರೆ ಎಂದು ತಿಳಿದ ಮೌಲಾಸಾಬ ಹಾರ್ನ್ ಹೊಡೆದು ಇನ್ನಷ್ಟು ಜೋರು ಮಾಡಿದ.

ಊರು ಬಂತು. ಹೆಂಗಸರು ಇಳಿದು ಓಡಿದರು. ದ್ಯಾಮವ್ವನನ್ನು ಇಬ್ಬರು ಹಿಡಿದುಕೊಂಡು ಮನೆಗೆ ಕರೆದೊಯ್ದರು. ಅವರು ಓಣಿ ತಿರುಗಿದ ಮೇಲೆ ನಾನು ಸೀದಾ ಚಹಾದಂಗಡಿಗೆ ನಡೆದೆ.

ಅಲ್ಲಿ ಸಭೆ ತುಂಬಿತ್ತು. ಮೌಲಾಸಾಬ ನಡುವೆ ಕುಳಿತಿದ್ದ. ಶರಣಪ್ಪನೇ ಅವನಿಗೆ ಬಿಸ್ಕಿಟ್ ಕೊಡಿಸಿದ್ದ. "ಈಗ ನಿನ್ನ ಗಾಡಿ ಗಾಡಿ ಆತು ನೋಡಲೇ ಮೌಲಾ. ನನ್ನ ಗಾಡಿಗೆ ತಮ್ಮ ಆತು" ಎನ್ನುತ್ತಿದ್ದ.

ನನ್ನನ್ನು ಕಂಡು ಮೌಲಾಸಾಬ ಕೂಗಿದ. "ಬರ್ರಿ ಯವ್ವಾ! ನೀವ ಸಾಕ್ಷಿ ಹೇಳ್ರಿ. ಈ ವಾರದಾಗ ಒಮ್ಮೆರ ನಿಂತೈತೇನು ಗಾಡಿ?"

"ನಿಂತಿಲ್ಲ" ಎಂದೆ. "ಅದಕ್ಕ ದ್ಯಾಮವ್ವ ಗದ್ದ್ಯಾಗ ಬಿದ್ಲು."

"ಗಾಡಿ ನಿಲ್ಲದಿದ್ರ ಆಕಿ ಯಾಕ ಬೀಳ್ತಾಳ?"

"ನೀರು ಕುಡದಿದ್ದಿಲ್ಲ."

"ನೀರು ಯಾಕ ಕುಡದಿದ್ದಿಲ್ಲ?"

(ಗಂಡಸರಿಗೆ ಯಾವುದನ್ನೂ ಅರ್ಧ ಹೇಳಿ ಬಿಡುವ ಹಾಗಿಲ್ಲ.)

"ಕುಡದ್ರ ಉಚ್ಚಿ ಬರತೈತಿ. ಬಂದ್ರ ಎಲ್ಲಿ ಹೊಯ್ಯಬೇಕು? ನಿನ್ನ ಹೊಸ ರೇಡಿಯೇಟರ್‌ದಾಗೇನು?"

ಸ್ಟೋವ್ ಆರಿದ್ದು ಆಗ. (ಪತ್ರಿಕೆಯವರು ನನ್ನ ಕಾಗುಣಿತ ತಿದ್ದಲಿ, ಬೇಡ ಅನ್ನುವುದಿಲ್ಲ. ಈ ಶಬ್ದ ಮುಟ್ಟಬಾರದು.)

ಒಬ್ಬ ಗ್ಲಾಸಿನೊಳಗೆ ನೋಡಿದ. ಇನ್ನೊಬ್ಬ ಚಪ್ಪಲಿ ಹುಡುಕಿದ. ಚಪ್ಪಲಿ ಅವನ ಕಾಲಲ್ಲೇ ಇದ್ದವು. ಶರಣಪ್ಪನಿಗೆ ಮಾತ್ರ ಮಾತು ಬಂತು. "ದೊಡ್ಡವ್ವ, ನಾಕು ಮಂದಿ ನಡುವ ಇಂಥಾ ಮಾತೇನು?"

"ನೀ ದಿನಾ ಈ ಅಂಗಡಿ ಗ್ವಾಡಿಗೆ ಮಾರಿ ಮಾಡಿ ನಿಲ್ಲತೀಯಲ್ಲ, ಆಗ ಈ ನಾಕು ಮಂದಿ ಎಲ್ಲಿ ಹೋಗಿರ್ತಾರ?"

ಯಾರೋ ನಕ್ಕು ತಕ್ಷಣ ಕೆಮ್ಮಿದರು.

ಆಮೇಲೆ ಎಲ್ಲ ಬಿಡಿಸಿ ಹೇಳಿದೆ. ದಿನ್ನೆ, ಜಾಲಿ, ಕುದಿಯುವ ಗಾಡಿ, ಇಷ್ಟು ವರ್ಷ ಚಪ್ಪಟೆ ಗಾಡಿ ಯಾಕೆ, ನಾಳೆ ದ್ಯಾಮವ್ವ ಮತ್ತೆ ಬಿದ್ದರೆ ಇಡೀ ಗುಂಪಿನ ಕೆಲಸ ಹೋಗುತ್ತದೆ ಎಂಬುದು. ಕೆಳಗಿನ ಓಣಿಯ ಹೆಂಗಸರ ಪಾಡನ್ನೂ ಹೇಳಿದೆ. "ಶರಣಪ್ಪಾ, ನೀನೂ ದಿನ್ನ್ಯಾಗ ನಿಲ್ಲಿಸು" ಎಂದೆ.

ಅವನು ಖರೇನೇ ಹೆದರಿದ. "ಅದೆಂಗಾಗತೈತಿ ದೊಡ್ಡವ್ವ? ನನ್ನ ಗಾಡಿ ರಸ್ತ್ಯಾಗ ನಿಂತಿದ್ದು ಯಾರರ ನೋಡಿದ್ರ ಕೆಟ್ಟೈತಿ ಅಂತ ಸುದ್ದಿ ಕನಕಗಿರಿ ಮುಟ್ಟತೈತಿ. ಇಷ್ಟು ವರ್ಷದ ಹೆಸರು ಅದು."

ಹೆಸರು ಎಂದರೆ ಇದು. ಮೊದಲು ಗಾಡಿ ಹೆಸರನ್ನು ಹೊತ್ತು ಓಡುತ್ತದೆ. ಆಮೇಲೆ ಹೆಸರೇ ಗಾಡಿಯನ್ನು ಓಡಿಸುತ್ತದೆ, ಬ್ರೇಕ್ ಹಾಕಲು ಬಿಡುವುದಿಲ್ಲ. ಒಳ್ಳೆಯವನು ಎಂದು ಹೆಸರಾದವನು ಜಗಳಕ್ಕೆ ಬರುವುದಿಲ್ಲ, ಗಟ್ಟಿಗಿತ್ತಿ ಎಂದು ಹೆಸರಾದವಳು ಆಸ್ಪತ್ರೆಗೆ ಹೋಗುವುದಿಲ್ಲ. ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಹುಡುಕಿ ನೋಡಿ.

ಮೌಲಾಸಾಬ ಆ ತನಕ ತಲೆ ಎತ್ತಿರಲಿಲ್ಲ. ಈಗ ಮೆಲ್ಲಗೆ ಕೇಳಿದ. "ಯವ್ವಾ, ಹಂಗಾದ್ರ ನೀವೆಲ್ಲ ಇಷ್ಟು ವರ್ಷ ನನ್ನ ಮ್ಯಾಲ ಸಿಟ್ಟಾಗಲಿಲ್ಲಲ್ಲ. ಅದು ಇದಕ್ಕನಾ?"

"ಮತ್ತ, ನಿನ್ನ ಮಾರಿ ನೋಡಿ ಅಂತ ತಿಳದಿದ್ದೇನು?"

ಈ ಸಲ ಎಲ್ಲರೂ ನಕ್ಕರು. ಅವನು ನಗಲಿಲ್ಲ. ಬಿಸ್ಕಿಟ್ ತಟ್ಟೆಯಲ್ಲಿಟ್ಟ. "ನಾಳಿಂದ ದಿನ್ನ್ಯಾಗ ನಿಲ್ಲಸ್ತೀನಿ. ಹೋಗುವಾಗ, ಬರುವಾಗ. ಯಾರರ ಕೇಳಿದ್ರ ಮತ್ತ ಕುದ್ದೈತಿ ಅಂತೀನಿ. ಕ್ಯಾನ್ ಹಿಡಕೊಂಡು ಮುಂದ ನಿಂತಿರ್ತೀನಿ."

"ಸುಳ್ಳ್ಯಾಕ? ಛಲೋ ಗಾಡಿನೂ ನಿಲ್ಲತೈತಿ ಅನ್ನು."

"ಅದನ್ನ ಯಾರು ನಂಬ್ತಾರಬೇ?"

ಗಾಡಿಗೆ ಒಳ್ಳೆಯ ಹೆಸರು ಬಂದು ವಾರವಾಗಿತ್ತು. ಅದನ್ನು ಅವನು ಒಂದು ಕಪ್ ಚಹಾ ಆರುವುದರೊಳಗೆ ಬಿಟ್ಟುಕೊಟ್ಟ. ಅವನಿಗೆ ಶಹಬ್ಬಾಸ್ ಎನ್ನಲು ನನಗೆ ಬರುವುದಿಲ್ಲ. ಅಂದು ಅವನ ಚಹಾದ ಪಕ್ಕ ನನ್ನ ಎಲೆ ಅಡಿಕೆಯ ಚೀಲ ಇಟ್ಟೆ, ಬೇಕಾದರೆ ತಗೋ ಎಂದು.

ಅಲ್ಲಿಂದ ದ್ಯಾಮವ್ವನ ಮನೆಗೆ ಹೋದೆ. ಗೋಡೆಗೆ ಒರಗಿ ಕುಳಿತಿದ್ದಳು. ಕೆಲಸಕ್ಕೆ ಉಡುವ ಸೀರೆಯನ್ನು ಮಡಚಿ ಗಂಟಿನೊಳಗೆ ಇಟ್ಟುಬಿಟ್ಟಿದ್ದಳು.

"ನಾ ಬರಂಗಿಲ್ಲ. ನನ್ನ ಸಲುವಾಗಿ ಇಡೀ ಗುಂಪು ಯಾಕ ಕಳಕೊಂತಿ?" ಎಂದಳು.

"ದಿನ್ನ್ಯಾಗ ನಿಲ್ಲಸ್ತಾನಂತ."

"ಯಾರಂದ್ರು?"

"ಅವನ ಹೇಳ್ಯಾನ."

"ಹೇಳ್ತಾರ ಬಿಡು. ಶಿಳ್ಳಿ ಹೊಡಕೋತ ಹೋದ ಮ್ಯಾಲ ನೆನಪಿರತೈತೇನು?"

ಅವಳ ಮುಂದೆ ನೀರಿನ ತಂಬಿಗೆ ಇತ್ತು. ತುಂಬಿದ ಹಾಗೇ ಇತ್ತು. ಕುಡಿ ಎಂದೆ. ತಲೆ ಅಲ್ಲಾಡಿಸಿದಳು. ಬಂದರೂ ಬರಬಹುದು, ಆದರೆ ಕುಡಿದು ಬರುವುದಿಲ್ಲ ಎಂದು ಅರ್ಥ. ಕುಡಿಯದೆ ಬಂದರೆ ಬೀಳುತ್ತಾಳೆ. ಬಿದ್ದರೆ ಧಣಿ ಬದುವಿನ ಮೇಲೆ ನಿಂತಿರುತ್ತಾನೆ. ಗಂಟಿನಿಂದ ಸೀರೆ ತೆಗೆದು ಗೂಟಕ್ಕೆ ನೇತುಹಾಕಿ ಬಂದೆ.

ಚಹಾದಂಗಡಿಯ ಚರ್ಚೆ ಈಗಲೂ ನಡೆದೇ ಇದೆ. ಗಂಡಸರ ತೀರ್ಪಿನಲ್ಲಿ ಮೂಗಿನ ಗಾಡಿಯೇ ಇಂದಿಗೂ ದೊಡ್ಡದು. ಚಪ್ಪಟೆ ಗಾಡಿಗೆ ಏನು ಹಾಕಿಸಿದರೂ ದಿನ್ನೆಯಲ್ಲಿ ನಿಲ್ಲುವುದೇ ಅದರ ಹಣೆಬರಹ ಎನ್ನುತ್ತಾರೆ. ಕೆಳಗಿನ ಓಣಿಯ ಹೆಂಗಸರು ಮಾತ್ರ ಹೋದ ವರ್ಷದಿಂದ ಚಪ್ಪಟೆ ಗಾಡಿಯ ಎರಡನೇ ಟ್ರಿಪ್ಪಿಗೆ ಕಾಯುತ್ತಾರೆ. ಶರಣಪ್ಪನಿಗೆ ಕಾರಣ ಗೊತ್ತು. ಹೇಳುವುದಿಲ್ಲ. ಅವನ ಗಾಡಿ ಇಂದಿಗೂ ಎಲ್ಲೂ ನಿಂತಿಲ್ಲ. ಈಗ ಅದರೊಳಗೆ ಕುರಿಗಳು ಹೋಗುತ್ತವೆ.

ಆ ಮರುದಿನ ಬೆಳಿಗ್ಗೆ ದ್ಯಾಮವ್ವ ಬಂದಳು. ಒಡೆದ ತುಟಿ ಸೆರಗಿನಿಂದ ಮುಚ್ಚಿಕೊಂಡು ಬಂದಳು. ಮೌಲಾಸಾಬ ಇಂಜಿನ್ ಶುರುಮಾಡಿ ಕುಳಿತಿದ್ದ. ನಾನು ಅವಳ ಕೈಗೆ ಒಂದು ತಂಬಿಗೆ ನೀರು ಕೊಟ್ಟು, ಅವಳು ಅದನ್ನು ತಳ ಕಾಣುವ ತನಕ ಕುಡಿದು ಮುಗಿಸುವವರೆಗೆ, ಗಾಡಿ ಹೊರಡದ ಹಾಗೆ ಅದರ ಮುಂದಿನ ಬಂಪರಿಗೆ ಬೆನ್ನು ಕೊಟ್ಟು ನಿಂತೆ.